ಬೇವಿನ ಮರಕ್ಕೆ ತೂಗಿದ ಚಾಟಿ

ಈ ಪ್ರವಾಸಕ್ಕೆ ಏನು ಖರ್ಚಾಯಿತು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ವಾಪಸು ಬರುವ ರೈಲಿನ ಎರಡು ಟಿಕೆಟು ದಂಡವಾಯಿತು. ಅರ್ಧ ಕ್ವಿಂಟಾಲ್ ಬಿಳಿಜೋಳ ಹೋಯಿತು. ಒಂದೇ ಒಂದು ಸಲ ಉಟ್ಟಿದ್ದ ಹತ್ತಿ ಸೀರೆ ಚಿಂದಿಯಾಯಿತು, ಅದೂ ನನ್ನ ಕೈಯಿಂದಲೇ. ಎರಡು ದಿನ ವಾದ ಮಾಡಿ ಮಾಡಿ ಗಂಟಲು ಕೂತುಹೋಗಿ, ತುಮಕೂರಿಗೆ ಬಂದ ಮೇಲೂ ಒಂದು ವಾರ ಗಿರಾಕಿಗಳ ಜೊತೆ ಕೈಸನ್ನೆಯಲ್ಲೇ ವ್ಯಾಪಾರ ಮಾಡಿದೆ. ಇಷ್ಟೆಲ್ಲ ಯಾಕೆ ಅಂದರೆ, ಮೊದಲ ದಿನ ಬೆಳಿಗ್ಗೆ ಒಂದು ಚೌಕಾಸಿಯಲ್ಲಿ ನಾನು ಗೆದ್ದಿದ್ದೆ.

ನನ್ನದು ಪಾತ್ರೆ ಅಂಗಡಿ. ಅಂಗಡಿ ಆಗುವ ಮೊದಲು ಹನ್ನೊಂದು ವರ್ಷ ಅದು ನನ್ನ ತಲೆಯ ಮೇಲಿತ್ತು. ಬುಟ್ಟಿ ತುಂಬ ಸ್ಟೀಲ್ ಪಾತ್ರೆ ಹೊತ್ತು, ಹಳೇ ಸೀರೆಗೆ ಲೋಟ, ಮೂರು ಹಳೇ ಪ್ಯಾಂಟಿಗೆ ಒಂದು ಡಬರಿ ಎಂದು ಬೀದಿ ಬೀದಿ ಕೂಗಿಕೊಂಡು ಮೇಲೆ ಬಂದವಳು. ಚೌಕಾಸಿ ನನಗೆ ಕೆಲಸವಲ್ಲ, ಉಸಿರು.

ವಿಜಯಪುರ ನಮ್ಮ ರಾಜ್ಯದಲ್ಲೇ ಇದೆ ಎಂದು ಗೊತ್ತು. ಆದರೂ ತುಮಕೂರಿನವಳಿಗೆ ಅದು ಪರದೇಶವೇ. ಪಾಸ್‌ಪೋರ್ಟ್ ಕೇಳುವುದಿಲ್ಲ, ಅಷ್ಟೇ. ನಾವು ಮುದ್ದೆ ನುಂಗುತ್ತೇವೆ, ಅವರು ರೊಟ್ಟಿ ಮುರಿಯುತ್ತಾರೆ. ನಮ್ಮಲ್ಲಿ ಸಿಟ್ಟು ಬಂದರೆ ಮೊದಲು ಮರ್ಯಾದೆ ಬಿಡುತ್ತೇವೆ. ಅವರು ಬೈಯುವಾಗಲೂ ಕೊನೆಗೊಂದು ‘ರಿ’ ಸೇರಿಸುತ್ತಾರೆ.

ಗೋಳಗುಮ್ಮಟದ ಮುಂದೆ

ತುಳಸಿ ಲಗ್ನ ಮುಗಿದು ಮದುವೆ ಹಂಗಾಮು ಶುರುವಾಗಿ ಮೂರನೇ ವಾರ. ನಾನೂ ನಮ್ಮ ಯಜಮಾನರೂ ಗುಮ್ಮಟ ಹತ್ತಿದೆವು. ಪಿಸುಗುಟ್ಟಿದರೂ ಏಳು ಸಲ ಕೇಳುತ್ತದೆ ಎಂದು ಹೇಳಿದ್ದರು. ಆಚೆ ಬದಿಯಲ್ಲಿ ನಿಂತು ನಮ್ಮ ಯಜಮಾನರು ಗೋಡೆಗೆ ಬಾಯಿ ಇಟ್ಟು, “ಊಟ ಯಾವಾಗ?” ಎಂದರು. ಇಡೀ ಗುಮ್ಮಟ ಏಳು ಸಲ ನನ್ನನ್ನು ಊಟ ಕೇಳಿತು. ಅಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು.

ಇಳಿದು ಬಂದರೆ ಬೇವಿನ ಮರದ ಕೆಳಗೆ ಟಾಂಗಾ ಸಾಲು. ನಾನು ಗಾಡಿ ನೋಡುವ ಮುಂಚೆ ಮರ ನೋಡಿದೆ. ಕಾಂಡಕ್ಕೆ ಹೊಡೆದ ಮೊಳೆಯಲ್ಲಿ ಒಂದು ಚಾಟಿ ತೂಗುತ್ತಿತ್ತು. ಇದೇನು ಎಂದು ಕೇಳಿದೆ.

“ಅವಾ ಚಾ ಕುಡ್ಯಾಕ ಹೋಗ್ಯಾನ್ರಿ,” ಎಂದ ಒಬ್ಬ ಟಾಂಗಾದವ. “ಚಾಟಿ ತೂಗಾಕಿ ಹೋದ್ರ ಅವನ ಪಾಳಿ ಯಾರೂ ಮುಟ್ಟೂದಿಲ್ಲ.”

ಹಾಗೆ ಹೇಳಿದವನೇ ದಸ್ತಗೀರ. ನಲವತ್ತೈದರ ಆಸುಪಾಸು, ನರೆತ ಕುರುಚಲು ಗಡ್ಡ. ಅವನ ಕುದುರೆ ಬಿಳಿ ಹೆಣ್ಣು ಕುದುರೆ, ಹೆಸರು ಚಾಂದನಿ. ತಲೆಗೆ ಕೆಂಪು ತುರಾಯಿ, ಕೊರಳಿಗೆ ಗೆಜ್ಜೆ ಸರ, ಬೆನ್ನಿನಿಂದ ಭುಜದವರೆಗೆ ಕನ್ನಡಿ ಹೊಲಿದ ಮಖಮಲ್ಲಿನ ಹೊದಿಕೆ. ಆ ಹೊದಿಕೆ ನೋಡಿಯೇ ನಾನು ಆ ಗಾಡಿ ಹಿಡಿದೆ. ಪಾತ್ರೆ ಕೊಳ್ಳುವವರು ಹೊಳಪು ನೋಡಿ ತಳ ನೋಡುವುದಿಲ್ಲ ಎಂದು ದಿನಾ ನಗುವವಳು ನಾನು.

ಅವನು ಒಂದು ದರ ಹೇಳಿದ, ನಾನು ಅದರರ್ಧ ಹೇಳಿದೆ. ಅವನು ಇಳಿದ, ನಾನು ಏರಲಿಲ್ಲ. ಕೊನೆಗೆ ಅದೇ ಅರ್ಧ ದರದಲ್ಲಿ ಸಿದ್ಧೇಶ್ವರ ಗುಡಿ, ಪಕ್ಕದ ಪೇಟೆ, ಅಲ್ಲಿಂದ ಸೊಲ್ಲಾಪುರ ರಸ್ತೆಯ ಲಾಡ್ಜು, ಜೊತೆಗೆ ಏನು ಸಾಮಾನು ಕೊಂಡರೂ ಅದು ಪುಕ್ಕಟೆ ಎಂದು ಒಪ್ಪಿಸಿದೆ.

“ನಡುವ ಮುರದ್ರೆಲ್ಲರಿ ಅಕ್ಕಾರ,” ಎಂದ ದಸ್ತಗೀರ.

“ದಸ್ತಗೀರಾ, ಇವತ್ತ ನಿನಗ ಗುರು ಸಿಕ್ಕಾರ ನೋಡಲೇ!” ಎಂದು ಉಳಿದವರು ನಕ್ಕರು. ನನಗೆ ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ.

ಸೊಲ್ಲಾಪುರ ರಸ್ತೆ

ಸಿದ್ಧೇಶ್ವರ ಗುಡಿಯ ಹತ್ತಿರದ ಪೇಟೆಯಲ್ಲಿ ಬಿಳಿಜೋಳ ಮುತ್ತಿನ ಹಾಗಿತ್ತು. ಹತ್ತು ಕೆ.ಜಿ. ಸಾಕಾಗಿತ್ತು. ಆದರೆ ಸಾಗಣೆ ಪುಕ್ಕಟೆ ಎಂದ ಮೇಲೆ ಹತ್ತು ಯಾಕೆ? ಐವತ್ತು ಕೆ.ಜಿ. ಮೂಟೆಯನ್ನೇ ಹೇರಿಸಿದೆ. ನಾನು ಸಣ್ಣವಳಲ್ಲ, ನಮ್ಮ ಯಜಮಾನರಂತೂ ಅಲ್ಲವೇ ಅಲ್ಲ. ದಸ್ತಗೀರ ಮೂಟೆಯನ್ನು ನೋಡಿದ, ನನ್ನನ್ನು ನೋಡಿದ, ಲಗಾಮು ಕೈಗೆತ್ತಿಕೊಂಡ.

ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳ ಮುಂದೆ ಚಾಂದನಿಯ ಹೆಜ್ಜೆ ತಪ್ಪಿತು. ಒಂದು ಸಲ ಮುಗ್ಗರಿಸಿ ಸಾವರಿಸಿಕೊಂಡಿತು. ಎರಡನೇ ಸಲ ಮುಂಗಾಲು ಮಡಚಿ ಡಾಂಬರಿನ ಮೇಲೆ ಕೂತೇಬಿಟ್ಟಿತು. ಗಾಡಿ ಮುಂದಕ್ಕೆ ವಾಲಿತು. ನಾನು ಮೂಟೆಯ ಮೇಲೆ, ಯಜಮಾನರು ನನ್ನ ಮೇಲೆ. ಹಿಂದೆ ಲಾರಿಗಳ ಹಾರ್ನು. “ಬಾಲ ತಿರುವ್ರಿ, ಏಳತೈತಿ!” ಎಂದು ಯಾರೋ ಉಪಾಯ ಹೇಳಿದರು. ದಸ್ತಗೀರ ಚಾಟಿ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು.

ಬಿದ್ದ ರಭಸಕ್ಕೆ ಮಖಮಲ್ಲು ಜಾರಿತ್ತು. ಗಾಡಿ ಎಳೆಯುವ ಪಟ್ಟಿ ಒತ್ತುವ ಭುಜದ ಮೇಲೆ ಅಂಗೈ ಅಗಲದ ಗಾಯ. ಹಸಿ ಮಾಂಸ. ಅದರ ಮೇಲೆ ಗೋಣಿತಟ್ಟು ಮಡಚಿ ದಪ್ಪ ಗಾದಿ ಮಾಡಿ ಕಟ್ಟಿದ್ದ. ನೋಯದಿರಲಿ ಎಂದು ಗಾಯದ ಮೇಲೇ ಮೆತ್ತೆ ಇಟ್ಟು, ಆ ಮೆತ್ತೆಯ ಮೇಲೆ ಮೂರು ಜನರ, ಒಂದು ಮೂಟೆಯ ಭಾರವನ್ನೆಲ್ಲ ಬಿಗಿದಿದ್ದ.

ನನ್ನ ಕೈ ತಾನಾಗಿ ನೆತ್ತಿಗೆ ಹೋಯಿತು. ಬುಟ್ಟಿ ಹೊತ್ತ ಮೊದಲ ವರ್ಷ ನಾನೂ ಇದೇ ತಪ್ಪು ಮಾಡಿದ್ದೆ. ನೆತ್ತಿ ಹುಣ್ಣಾದರೆ ಬಟ್ಟೆ ಇನ್ನೂ ದಪ್ಪ ಮಡಚಿ ಇಡುವುದು, ಅದು ಇನ್ನೂ ಒತ್ತುವುದು. ನಾಕಾಣೆ ಅಗಲದ ಜಾಗದಲ್ಲಿ ಇವತ್ತಿಗೂ ಕೂದಲು ಬಂದಿಲ್ಲ. ಹಣೆಯವರೆಗೆ ಸೆರಗು ಹೊದೆಯುವುದು ಭಕ್ತಿಯಿಂದಲ್ಲ.

“ಕೊಡಪ್ಪ ಅದನ್ನ,” ಎಂದು ಚಾಟಿ ಕಿತ್ತುಕೊಂಡೆ. ನಮ್ಮ ಯಜಮಾನರು ಏನೂ ಮಾತಾಡದೆ ಜೋಳದ ಮೂಟೆಯನ್ನು ಬೆನ್ನಿಗೆ ಹಾಕಿಕೊಂಡು ಲಾಡ್ಜಿನ ಕಡೆ ನಡೆದರು. ಮೂವತ್ತು ವರ್ಷದಲ್ಲಿ ಅವರು ನನಗೆ ಬೈದದ್ದು ಅದೊಂದೇ ಸಲ.

ಗಾಡಿ ಕಳಚಿದ ಮೇಲೆ ಚಾಂದನಿ ಎದ್ದು ನಿಂತಿತು. ನಡುಗುತ್ತಿತ್ತು.

“ಎಷ್ಟು ದಿನದ ಗಾಯ ಇದು?”

“ಹದಿನೈದ ದಿನಾ ಆತ್ರಿ. ಮುಂಜಾನಿಯಿಂದ ಟಾಂಗಾ, ಸಂಜಿಗೆ ಮದವಿ ಮೆರವಣಿಗಿ. ಹಂಗಾಮ ಐತೆಲ್ಲರಿ.”

“ರಜಾ ಕೊಡಬಾರದಾ?”

“ಕುದ್ರಿಗೆ ನಾ ಕೊಡತೇನ್ರಿ, ನನಗ ಯಾರ ಕೊಡ್ತಾರ? ಮೂರು ದಿನಾ ಸ್ಟ್ಯಾಂಡಿಗೆ ಬರಲಿಲ್ಲಂದ್ರ ಪಾಳಿಯೊಳಗಿನ ನನ್ನ ನಂಬರ ಹೋಗತೈತಿ. ಇಪ್ಪತ್ತ ವರ್ಷದ ನಂಬರ್ರಿ ಅದು. ನಾಡಿದ್ದ ಬಬಲೇಶ್ವರದಾಗ ಮದವಿ, ಎಲಿ ಅಡಕಿ ಹಿಡದ ಮಾತ ಕೊಟ್ಟೇನಿ.” ಅವನು ಕುದುರೆಯ ಮೂಗು ಸವರಿದ. “ನನಗ ಕಾಣಂಗಿಲ್ಲ ಅಂತ ತಿಳದಿರೇನ್ರಿ ಅಕ್ಕಾರ? ದಿನಾ ಇದರ ಮುಖ ನೋಡಾವ ನಾನ.”

ಗ್ಯಾರೇಜಿನವರು ಕರೆಸಿದ ದನದ ಆಸ್ಪತ್ರೆಯ ಡಾಕ್ಟರು ಬಂದು ಗಾಯ ತೊಳೆದು ಸೂಜಿ ಹಾಕಿದರು. “ಇಪ್ಪತ್ತೊಂದು ದಿನ ಈ ಭುಜಕ್ಕ ಏನೂ ತಾಗಬಾರದು,” ಎಂದರು. “ತಾಗಿತು ಅಂದ್ರ ಗಾಯ ಒಳಗ ಇಳೀತೈತಿ. ಆಮ್ಯಾಲೆ ನನ್ನ ಕರಿಯೂ ಕೆಲಸ ಇರೂದಿಲ್ಲ.”

ಒಂದು ಕಡೆ ಇಪ್ಪತ್ತೊಂದು ದಿನ, ಇನ್ನೊಂದು ಕಡೆ ಮೂರು ದಿನ. ಕುದುರೆ ಉಳಿದರೆ ನಂಬರು ಹೋಗುತ್ತದೆ, ನಂಬರು ಉಳಿದರೆ ಕುದುರೆ. ನನ್ನ ಕೈಯಲ್ಲಿ ಇನ್ನೂ ಆ ಚಾಟಿ ಇತ್ತು. ಮಾರನೆಯ ದಿನದ ರೈಲಿನ ವಿಚಾರ ನಾನೂ ಎತ್ತಲಿಲ್ಲ, ಯಜಮಾನರೂ ಎತ್ತಲಿಲ್ಲ.

ಎರಡನೆಯ ದಿನ, ಬೇವಿನ ಮರದ ಕೆಳಗೆ

ಬೆಳಿಗ್ಗೆ ಯಜಮಾನರ ಜೊತೆ ಸ್ಟ್ಯಾಂಡಿಗೆ ಹೋದೆ. ಅಲ್ಲಿ ಪಾಳಿಯ ತಕರಾರು ಬಿಡಿಸುವ ಹಿರಿಯರು ಮೌಲಾಸಾಬರು. ಎಲ್ಲರಿಗೂ ಬಾಬಾ. ಕಲ್ಲಿನ ಮೇಲೆ ಕೂತು ಬಸಿಯಲ್ಲಿ, ಅಂದರೆ ನಮ್ಮ ಸಾಸರಿನಲ್ಲಿ, ಚಹಾ ಕುಡಿಯುತ್ತಿದ್ದರು.

“ಬಾಬಾ, ಚಾಟಿ ತೂಗಿದರೆ ಪಾಳಿ ಉಳಿಯುತ್ತೆ, ಹೌದಲ್ವಾ?”

“ಹೌದ್ರಿ. ಚಾ ಕುಡದ ಬರೂತನ, ನಮಾಜ್ ಮುಗಿಸಿ ಬರೂತನ.”

“ಎಷ್ಟು ಹೊತ್ತು ಅಂತ ಯಾರು ಗೊತ್ತು ಮಾಡಿದ್ದು?”

“ಯಾರ ಮಾಡ್ತಾರ್ರಿ? ನಮ್ಮಪ್ಪನ ಕಾಲದಿಂದ ನಡದ ಬಂದೈತಿ.”

“ಹಾಗಾದ್ರೆ ದಸ್ತಗೀರ ಚಾ ಕುಡಿಯೋಕೆ ಹೋಗಿದಾನೆ. ಇಪ್ಪತ್ತೊಂದು ದಿನದ ಚಾ,” ಎಂದು ಚಾಟಿಯನ್ನು ಮೊಳೆಗೆ ತೂಗುಹಾಕಿದೆ.

ನಗು ಎದ್ದಿತು. ಆದರೆ ದಪ್ಪ ಮೀಸೆಯ ಒಬ್ಬ ಟಾಂಗಾದವ ನಗಲಿಲ್ಲ. “ಹಿಂಗಾದ್ರ ನಾಳೆ ಎಲ್ಲಾರೂ ಚಾಟಿ ತೂಗಾಕಿ ಮನ್ಯಾಗ ಮಕ್ಕೋತಾರ್ರಿ.”

“ನೀನು ಮಲಗಿದರೆ ನಿನ್ನ ಮನೆ ನಡೆಯುತ್ತೇನಪ್ಪ?”

“ಎಲ್ಲಿ ನಡೀತೈತ್ರಿ!”

“ಮತ್ತೆ ಯಾಕೆ ಮಲಗ್ತೀಯ? ಅದು ಬಿಡು. ನಿನ್ನ ಕುದುರೆ ಹೊದಿಕೆ ಸ್ವಲ್ಪ ಎತ್ತು ನೋಡೋಣ.”

ಅವನು ಆಚೀಚೆ ನೋಡಿದ. “ಅದ್ಯಾಕ್ರೀ?”

“ನಾನು ಗಿರಾಕಿ ಕಣಪ್ಪ. ಮಾಲು ನೋಡಬೇಡವಾ?”

ಎತ್ತಿದ. ಗೋಣಿತಟ್ಟಿನ ಗಾದಿ ಅಲ್ಲೂ ಇತ್ತು. ಅದರ ಅಂಚಿನಲ್ಲಿ ಕೀವು. ಪಕ್ಕದವನದ್ದು ನೋಡಿದೆ, ಅದರ ಪಕ್ಕದ್ದು ನೋಡಿದೆ. ಸಾಲಿನಲ್ಲಿದ್ದ ಒಂಬತ್ತರಲ್ಲಿ ನಾಲ್ಕಕ್ಕೆ ಗಾದಿ. ಯಾರೂ ಕೆಟ್ಟವರಲ್ಲ. ಒಬ್ಬ ತನ್ನ ಮಗಳ ಹಳೇ ಶಾಲು ಮಡಚಿ ಇಟ್ಟಿದ್ದ.

“ಇವತ್ತು ದಸ್ತಗೀರನ ಚಾಟಿ ಇಳಿಸಿದರೆ, ಮುಂದಿನ ತಿಂಗಳು ನಿಮ್ಮದನ್ನು ತೂಗೋಕೆ ಮೊಳೆ ಇರಲ್ಲ. ಯೋಚನೆ ಮಾಡಿ. ನಾನು ಅವನಿಗೋಸ್ಕರ ಕೇಳ್ತಾ ಇಲ್ಲ, ನಿಮಗೋಸ್ಕರ ಕೇಳ್ತಾ ಇದೀನಿ.”

ಮೌಲಾಸಾಬರು ಬಸಿ ಕೆಳಗಿಟ್ಟು ತಮ್ಮ ಕುದುರೆಯ ಹತ್ತಿರ ಹೋದರು. ಅದರ ಮೊಣಕಾಲು ಬಾತಿತ್ತು. ಅದನ್ನು ಮುಟ್ಟಿಕೊಂಡೇ ಮಾತಾಡಿದರು. “ಮನಷ್ಯಾ ದಣದ್ರ ಚಾಟಿ ತೂಗತೇವಿ. ಕುದ್ರಿ ದಣದ್ರ ತೂಗಬಾರದು ಅಂತ ನಮ್ಮಪ್ಪ ಏನ್ ಹೇಳಿಲ್ಲ. ಆದ್ರ ಡಾಕ್ಟರ ಚೀಟಿ ಬೇಕ್ರಿ. ಚೀಟಿ ಇದ್ರ ಚಾಟಿ ಇರತೈತಿ, ಚೀಟಿ ಇಲ್ಲಂದ್ರ ಇಳೀತೈತಿ.”

“ಸರಿ,” ಎಂದು ಮೀಸೆಯವನೂ ಒಪ್ಪಿದ. “ಆದ್ರ ಅಕ್ಕಾರ, ಗಾದಿ ಬ್ಯಾಡಂದ್ರ ಏನ ಇಡೂದ್ರಿ ಅಲ್ಲೆ?”

ಬಂತು ನನ್ನ ವಿಷಯ. ಚೀಲದಲ್ಲಿದ್ದ ಹತ್ತಿ ಸೀರೆ ತೆಗೆದು ಪರ್ರ್ ಎಂದು ಹರಿದೆ. ನಮ್ಮ ಯಜಮಾನರು ಕಣ್ಣು ಮುಚ್ಚಿಕೊಂಡರು. ಬಟ್ಟೆಯನ್ನು ಹುರಿ ಮಾಡಿ, ಸುತ್ತಿ, ನಡುವೆ ತೂತಿರುವ ಸಿಂಬಿ ಮಾಡಿ ತೋರಿಸಿದೆ. “ನೋವಿರುವ ಜಾಗ ಈ ತೂತಿನೊಳಗೆ ಬರಬೇಕು. ಭಾರ ಸುತ್ತಲಿನ ಗಟ್ಟಿ ಜಾಗಕ್ಕೆ ಹೋಗಬೇಕು. ಇದು ಚರ್ಮ ಕೆಂಪಾಗೋಕೆ ಶುರುವಾದಾಗ. ಹುಣ್ಣಾದ ಮೇಲೆ ಸಿಂಬಿಯೂ ಇಲ್ಲ, ಸವಾರಿಯೂ ಇಲ್ಲ. ಚಾಟಿ ತೂಗಿ ಡಾಕ್ಟರ ಹತ್ತಿರ ಹೋಗೋದು.” ಒಂದು ಸೀರೆಗೆ ಏಳು ಸಿಂಬಿ ಆದವು. ಗಾದಿಯ ಕೆಳಗೆ ಕೀವಿದ್ದ ಮೀಸೆಯವನು ಕೊನೆಗೆ ಸಿಂಬಿ ತೆಗೆದುಕೊಳ್ಳಲಿಲ್ಲ. ಕುದುರೆಯ ಲಗಾಮು ಹಿಡಿದು ದನದ ಆಸ್ಪತ್ರೆಯ ದಾರಿ ಹಿಡಿದ.

ತಿಕೋಟಾ

ನಂಬರು ಉಳಿಯಿತು. ಇನ್ನು ಕುದುರೆ ಇರುವುದೆಲ್ಲಿ? ದಸ್ತಗೀರನ ಮನೆ ಮುಂದೆ ಚಾಂದನಿಗೆ ಮಲಗಲೂ ಜಾಗವಿಲ್ಲ, ಗಟಾರದ ಪಕ್ಕ ನಿಂತೇ ಇರಬೇಕು. ಅವನು ಮೇವು ತರಿಸುವುದು ತಿಕೋಟಾದ ನೀಲವ್ವನ ತೋಟದಿಂದ. ಮೇವಿನ ಟೆಂಪೋ ಗಾಡಿ ದಿನಾ ಪೇಟೆಗೆ ತುಂಬಿ ಬರುತ್ತದೆ, ಖಾಲಿ ಹೋಗುತ್ತದೆ. ಖಾಲಿ ಹೋಗುವ ಗಾಡಿ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಚಾಂದನಿ ಜೀವನದಲ್ಲಿ ಮೊದಲ ಸಲ ಗಾಡಿ ಎಳೆಯದೆ ಗಾಡಿಯಲ್ಲಿ ನಿಂತು ಹೊರಟಿತು. ದಾರಿಯುದ್ದಕ್ಕೂ ಗಾಳಿಗೆ ಮುಖ ಒಡ್ಡಿ, ಹಿಂದೆ ಬರುವ ಬಸ್ಸುಗಳನ್ನು ದೊಡ್ಡ ಮನುಷ್ಯರ ಹಾಗೆ ನೋಡುತ್ತಿತ್ತು.

ತಿಕೋಟಾದ ಸುತ್ತ ದ್ರಾಕ್ಷಿಯೇ ದ್ರಾಕ್ಷಿ. ಒಣದ್ರಾಕ್ಷಿಗೆ ಅಲ್ಲಿ ಮಣೂಕ ಎನ್ನುತ್ತಾರೆ. ಅದನ್ನು ಒಣಗಿಸಲು ಹೊಲದಲ್ಲಿ ಉದ್ದನೆಯ ಶೆಡ್ಡು, ಮೇಲೆ ತಗಡು, ಬದಿಗೆ ಹಸಿರು ಬಲೆ. ಒಳಗೆ ನೆರಳೂ ಇದೆ, ಗಾಳಿಯೂ ಆಡುತ್ತದೆ. ಹಣ್ಣು ಕೊಯ್ಯುವವರೆಗೆ ಖಾಲಿ. ಕುದುರೆಗೆ ಇದಕ್ಕಿಂತ ಆಸ್ಪತ್ರೆ ಬೇಕೆ?

ನೀಲವ್ವ ನನ್ನ ವಯಸ್ಸಿನವಳು, ಕಚ್ಚೆ ಬಿಗಿದು ಕೈಯಲ್ಲಿ ಕತ್ತರಿ ಹಿಡಿದಿದ್ದಳು. “ಕುದ್ರಿ ಕಟ್ಟಾಕ ಇದೇನ ಅರಮನಿ ಲಾಯ ಏನ್ರಿ? ಮಣೂಕ ಶೆಡ್ಡ ಇದು.”

“ಈಗ ಖಾಲಿ ಇದೆಯಲ್ಲಮ್ಮ.”

“ಖಾಲಿ ಇದ್ರ? ನಮ್ಮ ಮನಿಯವರ ತಲಿನೂ ಖಾಲಿ ಐತಿ. ಅದರಾಗ ಕಟ್ಟೂನೇನು?”

ಸಮಬಲದವಳು ಸಿಕ್ಕಳು ಎಂದು ಗೊತ್ತಾಯಿತು. ನಾನು ಬಳ್ಳಿಯ ಕಡೆ ನೋಡಿದೆ. ಗೊಂಚಲುಗಳಲ್ಲಿ ಕಾಯಿ ಒತ್ತಾಗಿ ಕೂತಿದ್ದವು. ಅವನ್ನು ಕತ್ತರಿಯಿಂದ ಬಿಡಿಸಬೇಕು, ಇಲ್ಲವಾದರೆ ಹಣ್ಣು ದಪ್ಪವಾಗುವುದಿಲ್ಲ. ಆಳು ಎಷ್ಟು ಇದ್ದರೂ ಸಾಲದ ಕಾಲ. “ಕುದುರೆ ಜೊತೆ ಎರಡು ಕೈ ಬರ್ತವೆ,” ಎಂದು ಪಕ್ಕದಲ್ಲಿದ್ದ ದಸ್ತಗೀರನನ್ನು ತೋರಿಸಿದೆ. “ಮೇಲೆ ಇಪ್ಪತ್ತೊಂದು ದಿನದ ಲದ್ದಿ ನಿನ್ನ ಬಳ್ಳಿಗೆ.”

ನೀಲವ್ವ ದಸ್ತಗೀರನ ಬೆರಳು ನೋಡಿದಳು. “ಮುಂಜಾನಿ ಎರಡ ತಾಸ ಶೆಡ್ಡಿನ ಲೆಕ್ಕಕ್ಕ. ಮುಂದ ಮಾಡಿದ್ದಕ್ಕ ಎಲ್ಲಾರಂಗ ಪಗಾರ. ಲದ್ದಿ ನಂದು.” ಸ್ವಲ್ಪ ತಡೆದು ನನ್ನ ಕಡೆ ತಿರುಗಿದಳು. “ಮತ್ತ ಬಾಯಾರ, ಕುದ್ರಿ ನನ್ನ ಬಳ್ಳಿಗೆ ಬಾಯಿ ಹಾಕ್ತು ಅಂದ್ರ ನಿಮ್ಮನ್ನ ತುಮಕೂರಿಂದ ಕರಿಸಿ ಅದ ಗೂಟಕ್ಕ ಕಟ್ಟತೇನಿ, ತಿಳೀತಿಲ್ಲೊ?”

ಕೈ ಕೈ ಬಡಿದೆವು. ಹಗ್ಗ ಬಿಚ್ಚಿದಾಗ ಚಾಂದನಿ ಶೆಡ್ಡಿನ ಮುಂದಿನ ಮಣ್ಣು ಮೂಸಿತು, ಎರಡು ಸುತ್ತು ತಿರುಗಿತು, ದೊಪ್ಪೆಂದು ನೆಲಕ್ಕೆ ಬಿದ್ದು ನಾಲ್ಕೂ ಕಾಲು ಮೇಲೆತ್ತಿ ಹೊರಳಾಡತೊಡಗಿತು. ನಾನು ಗಾಬರಿಯಾಗಿ ಕೂಗಿದೆ.

“ಅಂಜಬ್ಯಾಡ್ರಿ ಅಕ್ಕಾರ, ಖುಷಿಗೆ,” ಎಂದ ದಸ್ತಗೀರ. “ಗಾಯ ಇದ್ದ ಮಗ್ಗಲ ಬಿಟ್ಟ ಹೊಳ್ಳಾಕತ್ತೈತಿ ನೋಡ್ರಿ, ಎಷ್ಟ ಶಾಣೆ ಐತಿ. ನಾ ತಂದ ಆರ ವರ್ಷ ಆತು. ಒಮ್ಮೆನೂ ಹೊಳ್ಳಿದ್ದಿಲ್ಲ.” ಅವನು ಮುಖ ಆಚೆ ತಿರುಗಿಸಿಕೊಂಡ. “ಹೊಳ್ಳಾಕ ಜಾಗಾ ಬೇಕಲ್ರಿ.”

ಬಬಲೇಶ್ವರ

ಮೂರನೆಯ ದಿನ ಮದುವೆ. ಫೋನು ಮಾಡಿ ಬರುವುದಿಲ್ಲ ಎನ್ನಬಹುದಿತ್ತು. ದಸ್ತಗೀರ ಒಪ್ಪಲಿಲ್ಲ. “ಎಲಿ ಅಡಕಿ ಕೈಯಾಗ ಹಿಡದೇನ್ರಿ. ಕುದ್ರಿ ಹೋಗದಿದ್ರ ನಾನರ ಹೋಗಬೇಕು.” ತುರಾಯಿ, ಗೆಜ್ಜೆ ಸರ, ಮಖಮಲ್ಲು ಗಂಟು ಕಟ್ಟಿಕೊಂಡ. ಅವನ ಜೊತೆ ನಾವಿಬ್ಬರೂ ಬಸ್ಸು ಹತ್ತಿದೆವು.

ಆ ಕಡೆ ಮದುಮಗ ಅಕ್ಷತೆಗೆ ಮುಂಚೆ ಕುದುರೆ ಏರಿ ಹಣಮಪ್ಪನ ಗುಡಿಗೆ ಹೋಗಿ ಬರಬೇಕು. ಚಪ್ಪರದ ಬಾಗಿಲಲ್ಲೇ ಮದುಮಗನ ಅಜ್ಜಿ ಎದುರಾದರು.

“ಕುದ್ರಿ ಎಲ್ಲೈತೋ?”

“ಕುದ್ರಿಗೆ ಗಾಯ ಆಗೇತ್ರಿ ಅವ್ವಾರ. ತಂದಿಲ್ಲ.”

ವಾಲಗ ನಿಂತಿತು. ಅಜ್ಜಿ ಸೊಂಟಕ್ಕೆ ಕೈ ಇಟ್ಟರು. “ನಮ್ಮ ಮನ್ಯಾಗ ಮೂರ ತಲಿ ಗಂಡಸರು ಕುದ್ರಿ ಮ್ಯಾಲ ಗುಡಿಗೆ ಹೋಗ್ಯಾರ. ನನ್ನ ಮೊಮ್ಮಗ ಏನ ಸ್ಕೂಟರ ಮ್ಯಾಲೆ ಹೋಗಬೇಕೇನು?”

ನಾನು ಬಾಯಿ ತೆಗೆದೆ. ಸ್ವರ ಬರಲಿಲ್ಲ. ಎರಡು ದಿನ ದುಡಿದ ಗಂಟಲು ಸರಿಯಾಗಿ ಆ ಹೊತ್ತಿಗೇ ಕೈಕೊಟ್ಟಿತು! ಕೊನೆಗೆ, ಮೊದಲ ದಿನ ಡಾಕ್ಟರು ತೊಳೆಯುವ ಮುಂಚೆ ಫೋನಿನಲ್ಲಿ ಹಿಡಿದಿಟ್ಟಿದ್ದ ಗಾಯದ ಫೋಟೋ ತೆಗೆದು ಅಜ್ಜಿಯ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಇದರ ಮ್ಯಾಲೆ ಕೂಡ್ರಸಾಂವ ಇದ್ದೇನೋ ನನ್ನ ಮೊಮ್ಮಗನ್ನ?”

ಹತ್ತು ಸುಳ್ಳು ಸಿಗುತ್ತಿದ್ದವು. ದಸ್ತಗೀರ ಒಂದನ್ನೂ ಹೇಳಲಿಲ್ಲ. “ಹೌದ್ರಿ ಅವ್ವಾರ. ಮ್ಯಾಲೆ ಮಖಮಲ್ ಹೊಚ್ಚಾಂವ ಇದ್ದೆ. ನಿಮಗ ಕಾಣತಿದ್ದಿಲ್ಲ.”

ಅಜ್ಜಿ ಫೋನು ನನ್ನ ಕೈಗೆ ಕೊಟ್ಟರು. “ಹಂತಾದರ ಮ್ಯಾಲೆ ಹೋಗಿದ್ರ ಹಣಮಪ್ಪ ಮುಖಾ ತಿರುವತಿದ್ದ,” ಎಂದು, ಒಳಗೆ ತಿರುಗಿ ಕೂಗಿದರು, “ಟ್ರ್ಯಾಕ್ಟರ ತಗೀರಲೇ! ಚಂದಂಗಿ ತೊಳದ ತರ್ರಿ!”

ಆಮೇಲಿನದ್ದನ್ನು ನೀವು ನೋಡಬೇಕಿತ್ತು. ದಸ್ತಗೀರ ತಾನೇ ನಿಂತು ಸಿಂಗಾರ ಮಾಡಿದ. ಬಾನೆಟ್ಟಿನ ಮೇಲೆ ಮಖಮಲ್ಲು, ಮುಂದಿನ ದೀಪಗಳಿಗೆ ಗೆಜ್ಜೆ ಸರ, ಹೊಗೆ ಕೊಳವೆಯ ಪಕ್ಕ ಕೋಲು ಕಟ್ಟಿ ತುರಾಯಿ. ಮದುಮಗ ಬಾಸಿಂಗ ಕಟ್ಟಿಕೊಂಡು ಏರಿ ಕೂತ. ವಾಲಗ ಮತ್ತೆ ಎದ್ದಿತು. ದಸ್ತಗೀರ ಮುಂದೆ ನಿಂತು, ರೂಢಿಯಿಂದ ಬಾನೆಟ್ಟಿಗೆ ಕೈ ತಟ್ಟಿ, “ಚಲ್ ಬೇಟಾ, ಆಹಿಸ್ತಾ,” ಎಂದ. ಟ್ರ್ಯಾಕ್ಟರು ಗುಡುಗುಡು ಎಂದು ಹೊರಟಿತು. ಬೀದಿಯೆಲ್ಲ ನಕ್ಕಿತು, ಅಜ್ಜಿ ಎಲ್ಲರಿಗಿಂತ ಜೋರಾಗಿ.

ಗುಡಿಯ ಮುಂದೆ ಇಳಿಯುವಾಗ ಮದುಮಗ ನನ್ನ ಕಿವಿಯಲ್ಲಿ ಹೇಳಿದ: “ಭಾಳ ಉಪಕಾರ ಆತ್ರಿ ಅಕ್ಕಾರ. ಕುದ್ರಿ ಅಂದ್ರ ನನಗ ಮೊದಲಿಂದ ಅಂಜಿಕಿ.”

ಗೋದಿ ಹುಗ್ಗಿ ಊಟ ಮಾಡಿ, ಲಾಡ್ಜಿಗೆ ಬಂದು ಜೋಳದ ಮೂಟೆಯನ್ನು ಆಟೋದಲ್ಲಿ ದಸ್ತಗೀರನ ಮನೆಗೆ ಕಳಿಸಿದೆ. ಚಾಂದನಿ ಹೊತ್ತದ್ದು ಚಾಂದನಿಯ ಮನೆಗೇ ಹೋಗಲಿ. ರೈಲು ಹಿಂದಿನ ದಿನವೇ ಹೋಗಿತ್ತು.

ಮನೆಗೆ ಬಂದ ಮೇಲೆ

ಇಪ್ಪತ್ತಮೂರನೆಯ ದಿನ ದಸ್ತಗೀರನ ಫೋನು ಬಂತು. ಗಾಯ ಒಣಗಿ ಹೊಸ ಚರ್ಮ ಬಂದಿದೆ, ಡಾಕ್ಟರು ನೋಡಿ ಹೂಂ ಅಂದಿದ್ದಾರೆ. ಚಾಂದನಿ ಸ್ಟ್ಯಾಂಡಿನಲ್ಲಿ ತನ್ನ ನಂಬರಿನಲ್ಲೇ ನಿಂತಿದೆ. ಈಗ ಬರೀ ಹಗಲಿನ ಕೆಲಸ. ಸಂಜೆ ದಸ್ತಗೀರ ನೀಲವ್ವನ ತೋಟಕ್ಕೆ ಹೋಗುತ್ತಾನೆ. ಕತ್ತರಿಯ ಕೈ ಚೆನ್ನಾಗಿದೆ ಎಂದು ಅವಳು ಬಿಡುತ್ತಿಲ್ಲವಂತೆ. ಬೇವಿನ ಮರಕ್ಕೆ ಇನ್ನೂ ಎರಡು ಮೊಳೆ ಹೊಡೆದಿದ್ದಾರೆ. ಒಂದರಲ್ಲಿ ಮೀಸೆಯವನ ಚಾಟಿ, ಇನ್ನೊಂದರಲ್ಲಿ ಖುದ್ದು ಮೌಲಾಸಾಬರದ್ದು. ಚಾಟಿಯ ಬುಡದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಡಾಕ್ಟರ ಚೀಟಿ.

“ನಿನ್ನ ಚಾಟಿ ಇಳಿಸಿಕೊಂಡೆಯಾ?” ಎಂದೆ.

“ಇಲ್ಲರಿ ಅಕ್ಕಾರ. ಅಲ್ಲೇ ಐತಿ. ಬಾಯಿಲೆ ಹೇಳಿದ್ರ ಕೇಳತೈತ್ರಿ ಇದು. ಮೊದಲೂ ಕೇಳತಿತ್ತು, ನಾನ ಹೇಳತಿದ್ದಿಲ್ಲ.”

ನೀವು ಆ ಕಡೆ ಹೋಗುವವರಿದ್ದರೆ ನನ್ನ ಮಾತು ಕೇಳಿ. ಟಾಂಗಾ ಹತ್ತುವ ಮುಂಚೆ ದರ ಕೇಳಬೇಡಿ, ಹೊದಿಕೆ ಎತ್ತಿಸಿ ಭುಜ ನೋಡಿ. ಮಡಚಿದ ಗೋಣಿತಟ್ಟು ಕಂಡರೆ ಬೈಯಬೇಡಿ, ಹತ್ತಲೂ ಬೇಡಿ. ದನದ ಆಸ್ಪತ್ರೆ ಎಲ್ಲಿದೆ ಎಂದು ಕೇಳಿ, ಜೊತೆಗೆ ಹೋಗಿ. ಇಬ್ಬರಿಗಿಂತ ಹೆಚ್ಚು ಕೂರಬೇಡಿ. ನಿಮ್ಮ ಮೈಕಟ್ಟು ನನ್ನ ಹಾಗಿದ್ದರೆ ಒಬ್ಬರೇ ಸಾಕು. ಇಳಿದ ಮೇಲೆ ಕುದುರೆ ನೀರು ಕುಡಿಯುವವರೆಗೆ ಅಲ್ಲೇ ನಿಲ್ಲಿ, ಗಿರಾಕಿ ನಿಂತು ನೋಡಿದರೆ ಬಕೆಟ್ಟು ತಾನಾಗಿ ಬರುತ್ತದೆ. ಬೇವಿನ ಮರದಲ್ಲಿ ಚಾಟಿಗಳು ತೂಗುತ್ತಿದ್ದರೆ ಆ ಸಾಲಿನಲ್ಲೇ ಗಾಡಿ ಹಿಡಿಯಿರಿ. ಚೌಕಾಸಿ ಮಾಡಬೇಡಿ ಎಂದು ನಾನು ಯಾರಿಗೂ ಹೇಳುವವಳಲ್ಲ, ಧಾರಾಳವಾಗಿ ಮಾಡಿ. ಜೋಳದ ಮೂಟೆಯನ್ನು ಮಾತ್ರ ಆಟೋದಲ್ಲಿ ಹಾಕಿಸಿ.